ಮುಳ್ಳಿಲ್ಲದ ಸೀಸ

ಬೋಸ್ನಿಯಾದ ನಮ್ಮ ಪೊದ್ಲಿಪಾ ಊರಿನಲ್ಲಿ ಯಾರಿಗೆ ಭಯ ಬಿದ್ದರೂ ಹೋಗುವುದು ಶೆಮ್ಸಾಳ ಮನೆಗೇ. ನಾಯಿ ಅಟ್ಟಿಸಿಕೊಂಡು ಬಂದು ಹೆದರಿದವರು, ಲಾರಿಯ ಬ್ರೇಕ್ ಸದ್ದಿಗೆ ಬೆಚ್ಚಿಬಿದ್ದವರು, ಅತ್ತೆ ಕೆಮ್ಮಿದರೂ ಎದೆ ಝಲ್ಲೆನ್ನುವ ಸೊಸೆಯರು, ತೆರಿಗೆ ಕಚೇರಿಯ ಲಕೋಟೆ ಬಂದರೆ ಒಡೆಯಲು ಕೈ ಬಾರದ ಅಂಗಡಿಯವರು, ಎಲ್ಲರೂ ಮಸೀದಿಯ ಹಿಂದಿನ ಏರುದಾರಿ ಹತ್ತಿ ಹಸಿರು ಗೇಟಿನ ಮುಂದೆ ನಿಲ್ಲುತ್ತಾರೆ. ಆ ಕಡೆ ಈ ಕಡೆ ನೋಡಿ, ಯಾರ ಕಣ್ಣಿಗೂ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಜಾರಿಕೊಳ್ಳುತ್ತಾರೆ. ಪಾಪ, ಅದು ಅವರ ಭ್ರಮೆ. ಎದುರುಮನೆಯ ಫಿಕ್ರೆತಾ ಪರದೆಯ ಹಿಂದೆ ಕಾಫಿ ಬಟ್ಟಲು ಹಿಡಿದು ಬೆಳಗಿನಿಂದ ಕೂತೇ ಇರುತ್ತಾಳೆ.

ಶೆಮ್ಸಾ ಮಾಡುವುದೇನೂ ದೊಡ್ಡ ಗುಟ್ಟಲ್ಲ. ಹೆದರಿದವರನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ತಲೆಗೆ ಕೆಂಪು ಬಟ್ಟೆ ಹೊದಿಸುತ್ತಾಳೆ. ಆ ಬಟ್ಟೆ ಅವಳ ಅಜ್ಜಿಯ ಕಾಲದ್ದು. ಒಗೆದೂ ಒಗೆದೂ ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ. ಸಾಬೂನು, ಹುರಿದ ಕಾಫಿ, ಒಲೆಯ ಹೊಗೆ ಮೂರೂ ಸೇರಿದ ವಾಸನೆ ಅದಕ್ಕೆ. ಬಿಸ್ಮಿಲ್ಲಾ ಎಂದು ತಲೆಯ ಮೇಲೆ ಕೈಯಿಟ್ಟು, ಬಾಯೊಳಗೇ ಪ್ರಾರ್ಥನೆ ಓದಿಕೊಂಡು, ಆಮೇಲೆ ಸೌಟಿನಲ್ಲಿ ಕರಗಿಸಿದ ಸೀಸವನ್ನು ತಲೆಯ ಮೇಲೆ ಹಿಡಿದ ನೀರಿನ ಬೋಗುಣಿಗೆ ಸುರಿಯುತ್ತಾಳೆ. ಚೊಂಯ್ ಎನ್ನುತ್ತದೆ. ನೀರಿನಲ್ಲಿ ಹೆಪ್ಪುಗಟ್ಟಿದ ಸೀಸ ಮುಳ್ಳುಮುಳ್ಳಾಗಿ ಎದ್ದಿದ್ದರೆ ಭಯ ಇನ್ನೂ ಒಳಗಿದೆ ಎಂದು ಅರ್ಥ. ಮತ್ತೆ ಕರಗಿಸಿ ಎದೆಯ ಮುಂದೆ ಒಮ್ಮೆ, ಕಾಲಿನ ಬಳಿ ಒಮ್ಮೆ. ಕಡೆಯ ಸಲ ನುಣ್ಣಗೆ ಬಂದರೆ ಭಯ ಇಳಿಯಿತು. ಎದ್ದು ಮನೆಗೆ ಹೋಗಬಹುದು, ಹಿಂತಿರುಗಿ ನೋಡಬಾರದು, ಅಷ್ಟೇ.

ಗಂಡ ರಾಸಿಮ್‌ಗೆ ಈ ವಿದ್ಯೆಯಲ್ಲಿ ನಂಬಿಕೆ ಇಲ್ಲ, ಆದರೆ ಸೀಸದ ಮೇಲೆ ಕಣ್ಣಿದೆ. ಮೇಜು ಕುರ್ಚಿ ಮಾಡುವ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮೊದಲಿಂದಲೂ ಇದ್ದ ಮೀನು ಹಿಡಿಯುವ ಹುಚ್ಚೇ ಅವನಿಗೆ ಕೆಲಸ, ಮತ್ತು ಗಾಳದ ದಾರಕ್ಕೆ ಕಟ್ಟುವ ಗುಂಡು ಸೀಸದ್ದೇ. ಅವನ ಗುಂಡನ್ನು ಇವಳು ಕರಗಿಸುವುದು, ಇವಳ ಉಂಡೆಯನ್ನು ಅವನು ಹೊಳೆಗೆ ಒಯ್ಯುವುದು, ಇದು ಮದುವೆಯಾದಾಗಿನಿಂದ ನಡೆದುಬಂದ ಸಂಸಾರ.

"ನನ್ನ ದೊಡ್ಡ ಗುಂಡು ಎಲ್ಲೋಯ್ತೇ?"

"ಪೋಸ್ಟ್ ಮಾಸ್ತರ ತಲೆ ಮೇಲೆ ಸುರಿದೆ."

"ಅವನಿಗೇನಂತೆ ಭಯ?"

"ಅದು ನಿನಗ್ಯಾಕೆ? ಮೀನಿನ ಭಯ ಏನಂತ ನಾನು ಕೇಳಿದ್ನಾ?"

ಹೌದು, ಆ ವಿಷಯದಲ್ಲಿ ಅವಳ ಬಾಯಿಗೆ ಬೀಗ. ಊರಿನ ಅರ್ಧ ಜನರ ಭಯ ಅವಳ ಹೊಟ್ಟೆಯೊಳಗಿದೆ, ಫಿಕ್ರೆತಾ ಎಷ್ಟು ಕಾಫಿ ಕುಡಿಸಿದರೂ ಒಂದೂ ಹೊರಬಂದಿಲ್ಲ.

ಹೊಳೆಯ ಪಕ್ಕದ ಆಸ್ಪತ್ರೆಗೂ ಅವಳಿಗೂ ಜಗಳವಿಲ್ಲ, ನೆಂಟಸ್ತಿಕೆಯೂ ಇಲ್ಲ. ಎದೆ ಡವಡವ ಎನ್ನುತ್ತದೆಂದು ಬಂದವರ ಪರೀಕ್ಷೆಗಳೆಲ್ಲ ಚೊಕ್ಕವಾಗಿ ಬಂದರೆ, ಅಲ್ಲಿನ ಹಿರಿಯ ಡಾಕ್ಟರು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿ, "ಶೆಮ್ಸಾ ಹತ್ರ ಹೋಗಿದ್ರಾ?" ಎಂದು ಮೆಲ್ಲಗೆ ಕೇಳುತ್ತಾರೆ. ಕೂಡಲೇ ಕನ್ನಡಕ ಹಾಕಿಕೊಂಡು, "ನಾನೇನೂ ಹೇಳ್ಲಿಲ್ಲಪ್ಪ" ಎಂದು ಜೋರಾಗಿ ಅನ್ನುತ್ತಾರೆ. ಇತ್ತ ಶೆಮ್ಸಾ ಕೂಡ ಎದೆನೋವು ಎಂದು ಬಂದವರನ್ನು ಗೇಟಿನಿಂದಲೇ ವಾಪಸು ಅಟ್ಟುತ್ತಾಳೆ. "ಮೊದ್ಲು ಇಸಿಜಿ, ಆಮೇಲೆ ಸೀಸ" ಎಂಬುದು ಅವಳ ಕಾನೂನು. ಇಸಿಜಿಯ ಚೀಟಿ ತಂದರೆ ಬೆಳಕಿಗೆ ಹಿಡಿದು ನೋಡಿ, "ಅಯ್ಯಯ್ಯೋ, ಸಾಲಿಗೆ ಎಷ್ಟು ಮುಳ್ಳು ನೋಡು! ಭಯ ಅಲ್ದೆ ಇನ್ನೇನು?" ಎಂದು ಲೊಚಗುಟ್ಟುತ್ತಾಳೆ. ಒಮ್ಮೆ ಮೇಷ್ಟರೊಬ್ಬರು ಧೈರ್ಯ ಮಾಡಿ, ಎಲ್ಲರ ಹೃದಯವೂ ಹಾಗೇ ಗೀಚುವುದೆಂದು ತಿಳಿಹೇಳಿದರು. "ಹೌದು ಮತ್ತೆ, ಎಲ್ಲರಿಗೂ ಭಯ ಇದ್ದೇ ಇರುತ್ತಲ್ಲ ಮೇಷ್ಟ್ರೇ" ಎಂದಳು ಶೆಮ್ಸಾ. ಮೇಷ್ಟರು ಸ್ಟೂಲಿನ ಮೇಲೆ ಕೂತರು.

ಆ ಆಸ್ಪತ್ರೆಯಲ್ಲಿ ಈಗ ಆಪರೇಷನ್ ಮಾಡುವ ಮೆನ್ಸೂರ್ ಇದೇ ಬೀದಿಯ ಹುಡುಗ. ಚಿಕ್ಕಂದಿನಲ್ಲಿ ಅಜ್ಜಿಯ ಮನೆಯ ಗಂಡು ಬಾತುಕೋಳಿ ಅವನನ್ನು ಅಂಗಳದ ತುಂಬ ಅಟ್ಟಾಡಿಸಿ ಚಡ್ಡಿ ಹಿಡಿದು ಎಳೆದಿತ್ತು. ಅಲ್ಲಿಂದ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರುಮಾಡಿದವನನ್ನು ತಾಯಿ ಶೆಮ್ಸಾಳ ಸ್ಟೂಲಿನ ಮೇಲೆ ತಂದು ಕೂರಿಸಿದ್ದಳು. ಸರಾಯೆವೊದಲ್ಲಿ ಓದು ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಅವನು ಒಂದು ಪೊಟ್ಟಣ ಕಾಫಿಪುಡಿ ಹಿಡಿದು ಅವಳ ಮನೆಗೆ ಬಂದ.

"ಚಿಕ್ಕಮ್ಮ, ನೀವು ಕೊನೆಗೆ ಆ ನೀರು ಕುಡಿಸ್ತೀರಲ್ಲ, ಅದೊಂದು ಬಿಟ್ಬಿಡಿ. ಸೀಸ ವಿಷ."

"ಅದನ್ನ ಕುಡಿದೇ ನೀನು ಡಾಕ್ಟರ್ ಆದೆಯಲ್ಲೋ!"

"ಕುಡೀದೆ ಇದ್ದಿದ್ರೆ ಪ್ರೊಫೆಸರ್ ಆಗ್ತಿದ್ದೆ."

ಶೆಮ್ಸಾ ಮುಖ ಊದಿಸಿಕೊಂಡಳು. ಕಾಫಿ ಮಾತ್ರ ಕೊಟ್ಟಳು, ಜೊತೆಗೆ ಸಿಹಿ ಇಡಲಿಲ್ಲ. ಆದರೆ ಆ ವಾರದಿಂದಲೇ ನೀರು ಕುಡಿಸುವುದು ನಿಂತು ಬರೀ ಮುಖ ತೊಳೆಸುವುದಾಯಿತು. ಸೀಸ ಕರಗಿಸುವಾಗ ಕಿಟಕಿಯೂ ತೆರೆಯಿತು. ಕೇಳಿದವರಿಗೆ, "ನಮ್ಮಜ್ಜಿ ಕನಸಲ್ಲಿ ಬಂದು ಹೇಳಿದ್ಲು" ಎನ್ನುತ್ತಿದ್ದಳು.

ಇಷ್ಟೆಲ್ಲ ಇದ್ದವಳಿಗೆ ಬೈರಾಮ್ ಹಬ್ಬದ ಮಧ್ಯಾಹ್ನ ಗ್ರಹಚಾರ ಕೆಟ್ಟಿತು. ಹುರಿದ ಕುರಿಮಾಂಸ, ಮೇಲೆ ಮಾಂಸ ತುಂಬಿ ಸುಟ್ಟ ಬುರೆಕ್, ಅದರ ಮೇಲೆ ಸಕ್ಕರೆಪಾಕ ಸುರಿಯುವ ಬಕ್ಲಾವಾ ತಿಂದು ಎದ್ದವಳು ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟುಕೊಂಡು ಅಲ್ಲೇ ಕುಸಿದಳು. ಫಿಕ್ರೆತಾಳ ಕಣ್ಣು ತಗುಲಿತು ಎಂದಳು. ಸೊಪ್ಪಿನ ಕಷಾಯ ಕುಡಿದಳು, ಕಕ್ಕಿದಳು. ರಾಸಿಮ್ ಅವಳ ಮಾತು ಕೇಳದೆ ಕಾರಿಗೆ ತುಂಬಿ ಆಸ್ಪತ್ರೆಗೆ ಒಯ್ದ. ಸ್ಕ್ಯಾನಿಂಗ್ ನೋಡಿ ಮೆನ್ಸೂರ್ ನಕ್ಕ.

"ಪಿತ್ತಕೋಶದ ತುಂಬ ಕಲ್ಲು ಚಿಕ್ಕಮ್ಮ. ಇದರಲ್ಲಿ ಕಾಂಪೌಂಡು ಕಟ್ಟಬಹುದು."

"ಕಷಾಯ ಕುಡಿದ್ರೆ ಕರಗಲ್ವೇನೋ?"

"ಕಷಾಯ ಕುಡೀರಿ, ನಾನು ಬೇಡ ಅನ್ನಲ್ಲ. ಆದ್ರೆ ಊತ ಇಳಿದ ಮೇಲೆ ಬಂದು ಇದನ್ನ ತೆಗೆಸ್ಕೊಳ್ಳಿ. ಒಳಗೇ ಒಡೆದುಹೋದ್ರೆ ಆಗ ನನಗೂ ತಮಾಷೆ ಮಾಡೋಕಾಗಲ್ಲ." ಈ ಕೊನೆಯ ಮಾತನ್ನು ಅವನು ನಗದೆ ಹೇಳಿದ.

ಬಂದೇ ಬರುತ್ತೇನೆ ಎಂದು ಮನೆಗೆ ಬಂದವಳು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೊದಲು ನಾದಿನಿಯ ಮಗಳ ನಿಶ್ಚಿತಾರ್ಥ ಅಡ್ಡ ಬಂತು. ಆಮೇಲೆ ಪ್ಲಮ್ ಹಣ್ಣಿನ ಜಾಮ್ ಕುದಿಸುವ ಕಾಲ ಬಂತು. ಅದಾಗುವಷ್ಟರಲ್ಲಿ ಚಳಿಗಾಲಕ್ಕೆ ಎಲೆಕೋಸು ಉಪ್ಪಿಗೆ ಹಾಕಬೇಕು. ದೊಡ್ಡ ಪೀಪಾಯಿ ತೊಳೆಯುವವರು ಯಾರು, ಕೋಸು ತುಳಿಯುವವರು ಯಾರು?

"ಶೆಮ್ಸಕ್ಕ, ನಿನಗೆ ಭಯಾನಾ?" ಎಂದು ಫಿಕ್ರೆತಾ ಬೇಲಿಯಾಚೆಯಿಂದ ಕೇಳಿದಳು.

"ಭಯಾನಾ? ನನಗಾ? ಊರಿನ ಭಯ ತೆಗೆಯೋಳಿಗೆ ಭಯ! ಬಾಯಿ ಮುಚ್ಕೊಂಡು ನಿನ್ನ ಮೆಣಸಿನಕಾಯಿ ಒಣಗಿಸ್ಕೊಳೇ."

ಹೇಳಿಯೇಬಿಡುತ್ತೇನೆ, ಅವಳಿಗೆ ಭಯವಾಗಿತ್ತು. ಚಾಕುವಿಗಲ್ಲ, ನೋವಿಗೂ ಅಲ್ಲ. ಸೂಜಿ ಚುಚ್ಚಿ ಮತ್ತು ಬರಿಸುತ್ತಾರಲ್ಲ, ಅದಕ್ಕೆ. ಕಣ್ಣು ಮುಚ್ಚಿ ಬಿದ್ದಿರುವಾಗ ಒಳಗೆ ಕೈಯಿಡುವವನ ಮುಖ ಕಾಣುವುದಿಲ್ಲವಲ್ಲ, ಅದಕ್ಕೆ. ಜೀವಮಾನವೆಲ್ಲ ಎದುರಿಗೆ ಕೂತವರ ಮುಖ ಓದಿ ಬದುಕಿದವಳಿಗೆ ತನ್ನ ಮೇಲೆ ಬಾಗುವವನ ಮುಖ ನೋಡಲಾಗದೆ ಮಲಗುವುದೆಂದರೆ ಆಗದ ಮಾತಾಗಿತ್ತು. ಗಂಡನಿಗೆ ಮಾತ್ರ ಬೇರೆಯೇ ಕಾರಣ ಹೇಳಿದಳು.

"ಮತ್ತಿನಲ್ಲಿ ಊರಿನವರ ಗುಟ್ಟೆಲ್ಲ ಒದರಿಬಿಟ್ರೆ ಏನು ಗತಿ?"

"ಹಂಗಾದ್ರೆ ನಾನು ಪಕ್ಕದಲ್ಲೇ ಕೂತಿರ್ತೀನಿ. ಆ ಪೋಸ್ಟ್ ಮಾಸ್ತರದ್ದು ಏನಂತ ತಿಳ್ಕೋಬೇಕು" ಎಂದ ರಾಸಿಮ್. ಹಾಗೆಂದು ನಕ್ಕವನು ಹಿತ್ತಿಲಿಗೆ ಹೋಗಿ, ಸೀಳಿಟ್ಟಿದ್ದ ಸೌದೆಯನ್ನೇ ಮತ್ತೆ ಸೀಳತೊಡಗಿದ.

ಕಷ್ಟವೇನೆಂದರೆ, ಸೀಸವನ್ನು ತನಗೆ ತಾನೇ ಸುರಿದುಕೊಳ್ಳುವಂತಿಲ್ಲ. ಅಜ್ಜಿ ವಿದ್ಯೆ ಕೊಡುವಾಗ ಹಾಕಿದ ಮೊದಲ ಕಟ್ಟಳೆಯೇ ಅದು. ಬೇರೆಯವರ ಕೈ ಬೇಕು, ಮತ್ತು ಈ ಸೀಮೆಯಲ್ಲಿ ಇನ್ನೊಂದು ಕೈ ಇರುವುದು ಹೊಳೆಯಾಚೆ ಹಳ್ಳಿಯ ಬೆಹಿಯಾಳದ್ದು. ಬೆಹಿಯಾ ಹೆಸರೆತ್ತಿದರೆ ಶೆಮ್ಸಾ ಮೂಗು ಮುರಿಯುತ್ತಿದ್ದಳು, "ಅವಳು ಸುರಿಯೋದು ಸೀಸಾನೋ ತಗಡೋ" ಎನ್ನುತ್ತಿದ್ದಳು. ಆದರೂ ಒಂದು ದಿನ ತಲೆಗೆ ಬಟ್ಟೆ ಬಿಗಿದು, ಅಳಿಯನ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟ್ ಕೊಡುತ್ತಾ, "ಎಲ್ಲಿಗೆ ಶೆಮ್ಸಾ ಚಿಕ್ಕಮ್ಮ, ಕಣ್ಣು ನೋವಾ?" ಎಂದ. ಬೆಹಿಯಾಳ ಮನೆಯಲ್ಲಿ ಸೊಸೆ ಬಾಗಿಲು ತೆರೆದಳು.

"ಅತ್ತೆ ಇಲ್ಲ. ಮಂಡಿ ಆಪರೇಷನ್ನಿಗೆ ಅಂತ ಆಸ್ಪತ್ರೆಗೆ ಹೋಗಿದಾರೆ."

"ಹೆದರಿಕೊಳ್ಳಲಿಲ್ವಾ?"

"ಎಲ್ಲಿಯ ಹೆದರಿಕೆ! ಒಳ್ಳೆ ಬಳೆ ಹಾಕ್ಕೊಂಡು ಹೋದ್ರು. ನೀವ್ಯಾರು ಅಂತ ಹೇಳ್ಲಿ?"

"ಯಾರೂ ಅಲ್ಲ" ಎಂದು ಶೆಮ್ಸಾ ತಿರುಗಿ ನಡೆದಳು. ಹೊಟ್ಟೆಯ ಉರಿಯಲ್ಲಿ ಪಿತ್ತಕೋಶದ್ದು ಎಷ್ಟು, ಬೆಹಿಯಾಳದ್ದು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

ಎಲೆಕೋಸಿನ ಪೀಪಾಯಿಗೆ ಉಪ್ಪು ಹಾಕಿದ ಮಾರನೆಯ ದಿನ ನೋವು ಮತ್ತೆ ಬಂತು. ಈ ಸಲ ಜ್ವರವೂ ಬಂತು, ಕಣ್ಣು ಹಳದಿಗೆ ತಿರುಗಿತು. ಇಂಜೆಕ್ಷನ್ ಕೊಟ್ಟು ನೋವಿಳಿಸಿದ ಆಸ್ಪತ್ರೆಯವರು ಮಲಗಿ ಎಂದರೆ ಅವಳು ಹಟ ಹಿಡಿದು ಮನೆಗೆ ಬಂದುಬಿಟ್ಟಳು. ಆಗ ರಾಸಿಮ್ ಮೀನು ಹಿಡಿಯುವ ಮೊಣಕಾಲುದ್ದದ ಬೂಟಿನಲ್ಲೇ ಆಸ್ಪತ್ರೆಗೆ ನಡೆದ. ಮೆನ್ಸೂರ್‌ನ ಕೋಣೆಯ ನೆಲದ ತುಂಬ ಕೆಸರಾಯಿತು.

"ಅವಳು ಹೆದರಿದಾಳಪ್ಪ" ಎಂದ. "ನಲವತ್ತು ವರ್ಷದಲ್ಲಿ ನಾನು ಅವಳನ್ನ ಹೆದರಿದ್ದು ನೋಡಿಲ್ಲ. ಈಗ ನನಗೂ ಭಯ ಆಗ್ತಿದೆ."

ಮಾರನೆಯ ಬೆಳಿಗ್ಗೆ ಮೆನ್ಸೂರ್‌ನ ಕಾರು ಏರುದಾರಿಯ ಕೆಳಗೆ ಬಂದು ನಿಂತಿತು. ಬಹಳ ಹೊತ್ತಾದರೂ ಅದರಿಂದ ಯಾರೂ ಇಳಿಯಲಿಲ್ಲ. ಇದನ್ನು ಫಿಕ್ರೆತಾ ನೋಡಿದ್ದಾಳೆ, ಆದ್ದರಿಂದ ಅನುಮಾನವಿಲ್ಲ. ಕೊನೆಗೆ ಅವನು ಇಳಿದು ಬಂದು, ಕಾಫಿಪುಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಬೈಯೋಕೆ ಬಂದ್ಯಾ?" ಎಂದಳು ಶೆಮ್ಸಾ, ಸೋಫಾದಿಂದ ಏಳದೆ.

"ಇಲ್ಲ ಚಿಕ್ಕಮ್ಮ. ಸೀಸ ಸುರೀರಿ ಅಂತ ಬಂದೆ."

"ಯಾರಿಗೆ?"

"ನನಗೆ. ನನಗೆ ಭಯ ಆಗಿದೆ."

"ಎಂಥ ಭಯವೋ ನಿನಗೆ?"

"ನಿಮ್ಮದೇ. ದಿನಾ ಆಪರೇಷನ್ ಮಾಡ್ತೀನಿ, ಕೈ ನಡುಗಿಲ್ಲ. ಆದ್ರೆ ನೀವು ನನ್ನ ಟೇಬಲ್ ಮೇಲೆ ಮಲಗಿದ್ದಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಈ ಊರಲ್ಲಿ ಇರೋಕಾಗುತ್ತಾ? ನಮ್ಮಮ್ಮನೇ ಮನೆ ಒಳಗೆ ಸೇರಿಸಲ್ಲ."

ಶೆಮ್ಸಾ ಅವನ ಮುಖವನ್ನೇ ನೋಡಿದಳು. ಜ್ವರದ ಕಣ್ಣಿಗೆ ಮುಖ ಸರಿಯಾಗಿ ಓದಲಾಗಲಿಲ್ಲ. ಆದರೂ ಭಯ ಎಂದು ಬಂದವರನ್ನು ಅವಳು ಈವರೆಗೆ ವಾಪಸು ಕಳಿಸಿರಲಿಲ್ಲ. ಗೋಡೆ ಹಿಡಿದು ಎದ್ದಳು. ಡಬ್ಬಿಯಲ್ಲಿ ಸೀಸವಿರಲಿಲ್ಲ. ಎಲ್ಲಿ ಹೋಗಿತ್ತೆಂದು ಹೇಳಬೇಕಿಲ್ಲ. ರಾಸಿಮ್ ತನ್ನ ಗಾಳದಿಂದ ದೊಡ್ಡ ಗುಂಡನ್ನು ಬಿಚ್ಚಿ ತಂದುಕೊಟ್ಟ.

ಡಾಕ್ಟರ್ ಮೆನ್ಸೂರ್ ಗಿಡ್ಡ ಸ್ಟೂಲಿನ ಮೇಲೆ ಮಂಡಿ ಮಡಚಿಕೊಂಡು ಕೂತ. ಶೆಮ್ಸಾ ಕಿಟಕಿ ತೆರೆದಳು, ಕೆಂಪು ಬಟ್ಟೆ ಹೊದಿಸಿದಳು, ತಲೆಯ ಮೇಲೆ ಕೈಯಿಟ್ಟು ಓದಿಕೊಂಡಳು. ಆ ತಲೆಯಲ್ಲಿ ಆಗಲೇ ಕೂದಲು ತೆಳುವಾಗಿತ್ತು. ಸೀಸ ಸುರಿದಳು. ಚೊಂಯ್ ಎಂದಿತು. ಬೋಗುಣಿಗೆ ಬಗ್ಗಿ ನೋಡಿದವಳು ಇನ್ನೊಮ್ಮೆ ನೋಡಿದಳು.

ಒಂದೇ ಒಂದು ಮುಳ್ಳಿಲ್ಲ. ಮೊದಲ ಸಲಕ್ಕೇ ನುಣ್ಣಗೆ, ಮೊಟ್ಟೆಯ ಹಾಗೆ ಬಂದಿತ್ತು. ಎದೆಯ ಮುಂದೆ ಸುರಿದಳು, ಅದೂ ನುಣುಪು. ಕಾಲಿನ ಬಳಿಯದೂ ಅಷ್ಟೇ. ಇಷ್ಟು ವರ್ಷಗಳ ಕಸುಬಿನಲ್ಲಿ ಮೊದಲ ಸಲಕ್ಕೇ ನುಣ್ಣಗೆ ಬಂದ ಸೀಸವನ್ನು ಅವಳು ಕಂಡೇ ಇರಲಿಲ್ಲ.

ಎಲಾ ಕಳ್ಳ! ಎಂದುಕೊಂಡಳು. ಇವನಿಗೆ ಭಯವೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನು ಏಳಿಸುವುದಕ್ಕೆ ನಾಟಕ ಹೂಡಿ ಬಂದಿದ್ದಾನೆ. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಬಯ್ಗುಳ ಬರಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಭಯವಿಲ್ಲ! ತನ್ನ ಹೊಟ್ಟೆಗೆ ಕೈಹಾಕುವವನಿಗೆ ಎಳ್ಳಷ್ಟೂ ಭಯವಿಲ್ಲ! ಸ್ಕ್ಯಾನಿಂಗ್ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ, ದೊಡ್ಡ ಡಾಕ್ಟರು ಆಣೆ ಇಟ್ಟಿದ್ದರೂ ನಂಬುತ್ತಿರಲಿಲ್ಲ. ಆದರೆ ಹೇಳಿದ್ದು ಸೀಸ. ಇನ್ನು ಮಲಗಿದಾಗ ಅವನ ಮುಖ ಕಾಣದಿದ್ದರೂ ನಡೆಯುತ್ತದೆ.

"ಅಬ್ಬಬ್ಬಾ, ಎಂಥ ಭಯ ಇತ್ತೋ ಮಗನೇ ನಿನ್ನೊಳಗೆ!" ಎಂದು ಜೋರಾಗಿ ಹೇಳಿ, ಅವನು ಬಟ್ಟೆ ಸರಿಸುವುದರೊಳಗೆ ಉಂಡೆಯನ್ನು ಸ್ವೆಟರಿನ ಜೇಬಿಗೆ ಇಳಿಸಿದಳು. "ಎಲ್ಲ ತೆಗೆದಿದೀನಿ. ಹೋಗಿ ಮುಖ ತೊಳ್ಕೋ. ಆಮೇಲೆ ನನ್ನನ್ನ ಎಲ್ಲಿ ಮಲಗಿಸಬೇಕೋ ಅಲ್ಲಿಗೆ ಕರ್ಕೊಂಡು ಹೋಗು."

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ರಾಸಿಮ್ ಓಡಿಹೋಗಿ ಕಾರಿನ ಕೀಲಿ ತಂದ. ಬೂಟು ಎಡಬಲ ಆಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಮೆನ್ಸೂರ್ ವಾರ್ಡಿಗೆ ಬಂದಾಗ ಶೆಮ್ಸಾ ದಿಂಬಿಗೆ ಒರಗಿ ಆಸ್ಪತ್ರೆಯ ಗಂಜಿಗೆ ಹೆಸರಿಡುತ್ತಿದ್ದಳು.

"ನಾನು ಮತ್ತಿನಲ್ಲಿ ಏನಾದ್ರೂ ಒದರಿದ್ನಾ?"

"ಕೋಸಿಗೆ ಉಪ್ಪು ಕಮ್ಮಿ ಆಯ್ತು ಅಂದ್ರಿ, ಅಷ್ಟೇ."

"ಹಾಗಾದ್ರೆ ಸರಿ. ಈಗ ನಿನ್ನ ಕಳ್ಳತನಕ್ಕೆ ಬರೋಣ." ಸ್ವೆಟರಿನ ಜೇಬಿನಿಂದ ಉಂಡೆ ತೆಗೆದು ಅವನ ಅಂಗೈಯಲ್ಲಿಟ್ಟಳು. "ನಿನ್ನ ಸೀಸ. ನೋಡು, ಒಂದಾದ್ರೂ ಮುಳ್ಳಿದೆಯಾ? ಭಯ ಅಂತೆ ಭಯ! ನನ್ನ ಹತ್ರಾನೇ ಸುಳ್ಳಾ?"

ಮೆನ್ಸೂರ್ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತ.

"ಸುಳ್ಳಲ್ಲ ಚಿಕ್ಕಮ್ಮ. ಆವತ್ತು ನಿಮ್ಮ ದಾರಿ ಹತ್ತೋಕೆ ಆಗದೆ ಕಾರಲ್ಲೇ ಕೂತಿದ್ದೆ. ನಿಮ್ಮನ್ನ ಬೇರೆ ಊರಿಗೆ ಕಳಿಸೋಣ ಅಂತ ಸ್ನೇಹಿತನಿಗೆ ಫೋನ್ ಕೂಡ ಮಾಡಿದ್ದೆ. ನಿಜವಾಗ್ಲೂ ಭಯ ಆಗಿತ್ತು."

"ಮತ್ತೆ ಇದು?"

"ನೀವು ಆ ಬಟ್ಟೆ ಹೊದಿಸಿದ್ರಲ್ಲ. ಅದೇ ವಾಸನೆ, ಬಾತುಕೋಳಿ ಕಾಲದ್ದು. ತಲೆ ಮೇಲೆ ಕೈ ಇಟ್ರಿ. ಆಗಲೇ ಹೋಯ್ತು."

ಶೆಮ್ಸಾ ಲೆಕ್ಕ ಹಾಕಿದಳು. ಬಟ್ಟೆ ಹೊದಿಸಿದಾಗಲೇ ಹೋಗಿದ್ದರೆ, ಸೀಸ ಇನ್ನೂ ಸೌಟಿನಲ್ಲಿತ್ತು. ಹಾಗಾದರೆ ಇಷ್ಟು ವರ್ಷ ಸುಟ್ಟ ಸೌದೆ, ಕರಗಿಸಿದ ಗುಂಡು, ಗಂಡನೊಡನೆ ಆಡಿದ ಜಗಳ ಎಲ್ಲ ಯಾತಕ್ಕೆ? ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು. ನಕ್ಕರೆ ಹೊಲಿಗೆ ಎಳೆಯಿತು.

"ಅಯ್ಯೋ ಪಾಪಿ! ಹೆದರಿದ ಡಾಕ್ಟರ ಕೈಗೆ ಹೊಟ್ಟೆ ಕೊಟ್ಟೆ ಅನ್ನು! ಗೊತ್ತಿದ್ದಿದ್ರೆ ನನ್ನ ಹೆಣಾನೂ ಇಲ್ಲಿಗೆ ಬರ್ತಿರಲಿಲ್ಲ."

"ಹೇಳಿದ್ನಲ್ಲ ಚಿಕ್ಕಮ್ಮ, ನೀವೇ ನಂಬಲಿಲ್ಲ."

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬೆಳಗಿನಿಂದ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಕತ್ತಿನ ಗಂಟು ತೆಗೆಸಿಕೊಳ್ಳಲು ಬಂದವಳು. ಮಧ್ಯಾಹ್ನ ಅವಳ ಸರದಿ, ಕೈಯಿಡುವವನು ಇದೇ ಮೆನ್ಸೂರ್. ಅವಳ ರಕ್ತದೊತ್ತಡ ಇಳಿಯದೆ ಒಳಗೆ ಒಯ್ಯುವಂತಿಲ್ಲವೆಂದು ನರ್ಸ್ ಬಂದು ಅವನ ಕಿವಿಯಲ್ಲಿ ಹೇಳಿದಳು. ಆಮೇಲೆ ಇಬ್ಬರೂ ಶೆಮ್ಸಾಳ ಕಡೆ ನೋಡಿದರು, ತಕ್ಷಣವೇ ಬೇರೆ ಕಡೆ ನೋಡಿದರು.

"ಇಲ್ಲಿ ಒಲೆ ಇಲ್ಲ" ಎಂದಳು ಶೆಮ್ಸಾ.

"ಒಲೆ ಹಚ್ಚೋಕೆ ನಾನು ಬಿಡೋದೂ ಇಲ್ಲ" ಎಂದ ಮೆನ್ಸೂರ್.

"ಕೊಡು ಇಲ್ಲಿ" ಎಂದು ಅವನ ಕೈಯಿಂದ ಉಂಡೆ ಕಿತ್ತುಕೊಂಡಳು. ಹಾಸಿಗೆಯ ಪಕ್ಕದಲ್ಲೇ ಇದ್ದ ರಾಸಿಮ್‌ನ ಭುಜ ಹಿಡಿದು, ಹೊಟ್ಟೆ ಒತ್ತಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಕಿಟಕಿಯವರೆಗೆ ಹೋದಳು. ತನ್ನ ತಲೆಯ ಬಟ್ಟೆ ಬಿಚ್ಚಿ ಹುಡುಗಿಯ ತಲೆಗೆ ಹೊದಿಸಿ, ಅದರ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಓದಿಕೊಂಡಳು. ಹುಡುಗಿಯ ಬಿಕ್ಕು ನಿಧಾನವಾಯಿತು.

"ಸೀಸ ಸುರಿಯಲ್ವಾ ಅಜ್ಜಿ?" ಎಂದಳು ಹುಡುಗಿ ಬಟ್ಟೆಯ ಒಳಗಿನಿಂದ.

"ನಿನಗೆ ಬೇಡ ಮಗಳೇ. ನಿನಗೆ ಆಪರೇಷನ್ ಮಾಡೋನಿಗೇ ಸುರಿದಾಗಿದೆ. ಇಗೋ, ಅವನ ಸೀಸ. ನಿನ್ನ ಕೈಯಾರೆ ಸವರಿ ನೋಡು. ಮುಳ್ಳಿದೆಯಾ?"

ಹುಡುಗಿ ಎರಡೂ ಕೈಯಲ್ಲಿ ಉಂಡೆ ಹಿಡಿದು ಹೆಬ್ಬೆರಳಿನಿಂದ ಸುತ್ತಲೂ ತಡವಿದಳು. ಬಾಗಿಲಲ್ಲಿ ನಿಂತಿದ್ದ ಮೆನ್ಸೂರ್ ಉಸಿರು ಬಿಗಿಹಿಡಿದಿದ್ದ.

"ಇಲ್ಲ" ಎಂದಳು ಹುಡುಗಿ.

"ಇಲ್ಲ ಅಲ್ವಾ? ಅವನಿಗೆ ಭಯ ಅನ್ನೋದೇ ಗೊತ್ತಿಲ್ಲ" ಎಂದಳು ಶೆಮ್ಸಾ, ಮೆನ್ಸೂರ್‌ನ ಕಡೆ ತಿರುಗಿಯೂ ನೋಡದೆ.

ಮಧ್ಯಾಹ್ನ ಹುಡುಗಿಯನ್ನು ಒಳಗೆ ಒಯ್ಯುವಾಗ ನರ್ಸ್ ಉಂಡೆಯನ್ನು ಅವಳ ಕೈಯಿಂದ ಬಿಡಿಸಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಸಂಜೆ ರಾಸಿಮ್ ಕೇಳಿದಾಗ, ನಾಳೆ ಗಂಡಸರ ವಾರ್ಡಿನಲ್ಲಿ ಒಬ್ಬರಿಗೆ ತೋರಿಸಿ ವಾಪಸು ಕೊಡುತ್ತೇನೆ ಎಂದಳಂತೆ. ಅವನ ಗಾಳದ ದೊಡ್ಡ ಗುಂಡು ಇವತ್ತಿನವರೆಗೂ ಆಸ್ಪತ್ರೆಯಿಂದ ಮನೆಗೆ ಬಂದಿಲ್ಲ.